ಬಸ್ ಹೋತೇನ್ರಿ? ಬೆಳಗಾವಿಯ ಸಿಟಿ ಬಸ್ಸು ಮತ್ತು ಕಾಯುವವರ ಲೆಕ್ಕ

ಬೆಳಗಾವಿಯ ಯಾವುದಾದರೂ ಬಸ್ ಸ್ಟಾಪಿನಲ್ಲಿ ಹತ್ತು ನಿಮಿಷ ನಿಂತು ನೋಡಿ. ಓಡೋಡಿ ಬಂದವರು ಅಲ್ಲಿ ನಿಂತವರಿಗೆ ಕೇಳುವ ಮೊದಲ ಪ್ರಶ್ನೆ "ಬಸ್ ಹೋತೇನ್ರಿ?" ಎಂಬುದು. ಮರಾಠಿ ಮಾತಾಡುವವರಾದರೆ "ಬಸ್ ಗೇಲಿ ಕಾ?" ಬಸ್ ಯಾವಾಗ ಬರುತ್ತದೆ ಎಂದು ಕೇಳುವವರು ಕಡಿಮೆ. ಆ ಪ್ರಶ್ನೆಗೆ ಉತ್ತರ ಯಾರ ಬಳಿಯೂ ಇರುವುದಿಲ್ಲ ಎಂದು ಎಲ್ಲರಿಗೂ ಗೊತ್ತು. ಹೋಗಿದೆಯೋ ಇಲ್ಲವೋ ಎಂಬುದನ್ನಾದರೆ ಮೊದಲೇ ಬಂದು ನಿಂತವರು ಹೇಳಬಲ್ಲರು.

ಒಂದು ಜುಲೈ ಸಂಜೆ ನಾನು ಆರ್‌ಪಿಡಿ ಕ್ರಾಸಿನಲ್ಲಿ ನಿಂತಿದ್ದೆ. ಬೆಳಗಾವಿಯ ಜಿಟಿಜಿಟಿ ಮಳೆ, ಶುರುವಾದರೆ ವಾರಗಟ್ಟಲೆ ಬಿಡದ ಮಳೆ. ಕಾಲೇಜು ಬಿಟ್ಟ ಹುಡುಗಿಯರಿದ್ದರು. ಉದ್ಯಮಬಾಗದ ಫೌಂಡ್ರಿಯಿಂದ ಬಂದಿದ್ದ, ಅಂಗಿ ತುಂಬ ಮಸಿ ಹತ್ತಿದ್ದ ಒಬ್ಬರಿದ್ದರು. ಕಾಯಿಪಲ್ಲೆ ಚೀಲ ಹಿಡಿದ ಒಬ್ಬ ಅಜ್ಜಿ ನನ್ನ ಪಕ್ಕದಲ್ಲಿದ್ದರು. "ಯಾವ ಬಸ್ ಬಂತು ಹೇಳಪಾ, ನನಗ ಬೋರ್ಡ್ ಕಾಣಂಗಿಲ್ಲ" ಎಂದರು. ನಾವು ಯಾರೂ ದೂರ ಹೋಗುವವರಾಗಿರಲಿಲ್ಲ. ಹೆಚ್ಚೆಂದರೆ ಐದಾರು ಕಿಲೋಮೀಟರ್. ಆದರೂ ಆ ಸಂಜೆಯ ಅರ್ಧ ಗಂಟೆ ಆ ಸ್ಟಾಪಿನಲ್ಲೇ ಕಳೆಯಿತು.

ಬೆಳಗಾವಿಯ ಸಾರಿಗೆ ಬಗ್ಗೆ ಮಾತು ಬಂದಾಗಲೆಲ್ಲ ಚರ್ಚೆ ರಸ್ತೆಯ ಕಡೆ ತಿರುಗುತ್ತದೆ. ರಸ್ತೆ ಅಗಲ ಮಾಡಬೇಕು, ಮೇಲ್ಸೇತುವೆ ಕಟ್ಟಬೇಕು, ರಿಂಗ್ ರೋಡ್ ಬರಬೇಕು. ಅಜ್ಜಿಯ ಆ ಅರ್ಧ ಗಂಟೆಯ ಬಗ್ಗೆ ಯಾರೂ ಮಾತಾಡುವುದಿಲ್ಲ. ನನ್ನ ಪ್ರಕಾರ ಈ ಊರಿನ ಓಡಾಟದ ಸಮಸ್ಯೆಯ ತಿರುಳು ಇರುವುದು ಆ ಅರ್ಧ ಗಂಟೆಯಲ್ಲೇ.

ಸಣ್ಣ ಊರು, ಉದ್ದದ ಕಾಯುವಿಕೆ

2011ರ ಜನಗಣತಿಯಲ್ಲಿ ಬೆಳಗಾವಿ ನಗರದ ಜನಸಂಖ್ಯೆ 4.9 ಲಕ್ಷದ ಹತ್ತಿರ ಇತ್ತು. ಸುತ್ತಲಿನ ಬೆಳೆದ ಪ್ರದೇಶ ಸೇರಿಸಿದರೆ ಆಗಲೇ 6 ಲಕ್ಷ ದಾಟಿತ್ತು. ಈಗ ಅದಕ್ಕಿಂತ ಜಾಸ್ತಿಯೇ ಇದೆ. ಆದರೂ ದೂರದ ಲೆಕ್ಕದಲ್ಲಿ ಇದು ಸಣ್ಣ ಊರು. ಕೋಟೆ ಪಕ್ಕದ ಸಿಬಿಟಿಯಿಂದ, ಅಂದರೆ ಕೇಂದ್ರ ಬಸ್ ನಿಲ್ದಾಣದಿಂದ, ಉದ್ಯಮಬಾಗಕ್ಕೆ ಆರೇಳು ಕಿಲೋಮೀಟರ್. ಸಾಂಬ್ರಾ ವಿಮಾನ ನಿಲ್ದಾಣಕ್ಕೆ ಸುಮಾರು ಹತ್ತು. ವಡಗಾವಿ, ಶಹಾಪುರ, ಅನಗೋಳ, ಹಿಂಡಲಗಾ, ಸದಾಶಿವನಗರ ಎಲ್ಲವೂ ಅದಕ್ಕಿಂತ ಹತ್ತಿರ. ಬೆಂಗಳೂರಿನಲ್ಲಿ ಇಷ್ಟು ದೂರವನ್ನು ಯಾರೂ ದೂರ ಎಂದು ಕರೆಯುವುದಿಲ್ಲ.

ಇದು ನಮ್ಮ ಊರಿನ ಅದೃಷ್ಟ. ಆದರೆ ಇದರಿಂದಲೇ ಇನ್ನೊಂದು ಸಂಗತಿ ಹುಟ್ಟುತ್ತದೆ. ಪ್ರಯಾಣ ಚಿಕ್ಕದಾದಷ್ಟೂ ಕಾಯುವುದು ದೊಡ್ಡದಾಗಿ ಕಾಣುತ್ತದೆ. ಬೆಂಗಳೂರಿನಲ್ಲಿ ಒಂದೂವರೆ ಗಂಟೆ ಬಸ್ಸಿನಲ್ಲಿ ಕೂರುವವರಿಗೆ 20 ನಿಮಿಷ ಕಾಯುವುದು ಒಟ್ಟು ಪ್ರಯಾಣದ ಸಣ್ಣ ಪಾಲು. ಇಲ್ಲಿ ಬಸ್ಸಿನೊಳಗೆ 25 ನಿಮಿಷ ಕೂರಲು 20 ನಿಮಿಷ ನಿಲ್ಲಬೇಕು. ಹೆಚ್ಚೂಕಡಿಮೆ ಅರ್ಧಕ್ಕರ್ಧ. ಸಾರಿಗೆ ಯೋಜನೆ ಮಾಡುವವರು ಒಂದು ಲೆಕ್ಕ ಇಟ್ಟುಕೊಳ್ಳುತ್ತಾರೆ. ಸ್ಟಾಪಿನಲ್ಲಿ ನಿಂತ ಒಂದು ನಿಮಿಷ ಬಸ್ಸಿನಲ್ಲಿ ಕೂತ ಎರಡು ನಿಮಿಷಕ್ಕೆ ಸಮ ಎಂದು. ಮಳೆಯಲ್ಲಿ, ಚೀಲ ಹಿಡಿದು, ಬಸ್ ಹೋಗಿದೆಯೋ ಇಲ್ಲವೋ ಗೊತ್ತಿಲ್ಲದೆ ನಿಂತವರಿಗೆ ಈ ಲೆಕ್ಕವನ್ನು ವಿವರಿಸಿ ಹೇಳಬೇಕಾಗಿಲ್ಲ.

ಹಾಗಾಗಿ ಬೆಳಗಾವಿಯಂಥ ಊರಿನಲ್ಲಿ ಬಸ್ ಸೇವೆ ಚೆನ್ನಾಗಿದೆಯೇ ಎಂದು ತೂಗಬೇಕಾದರೆ ಒಂದೇ ಪ್ರಶ್ನೆ ಸಾಕು. ಎಷ್ಟು ನಿಮಿಷಕ್ಕೊಂದು ಬಸ್? ಬಸ್ ಹೊಸದೋ ಹಳೆಯದೋ, ನಿಲ್ದಾಣಕ್ಕೆ ಗ್ರಾನೈಟ್ ಹಾಕಿದ್ದಾರೋ ಇಲ್ಲವೋ, ಎಲ್ಲ ಆಮೇಲಿನ ಮಾತು.

ಜಾಮ್ ಬಸ್ಸನ್ನು ಹೇಗೆ ತಿನ್ನುತ್ತದೆ

ಒಂದು ಸರಳ ಲೆಕ್ಕ ಹಾಕೋಣ. ಏಳು ಕಿಲೋಮೀಟರಿನ ಒಂದು ಮಾರ್ಗ ಇದೆ ಅಂದುಕೊಳ್ಳಿ. ಸ್ಟಾಪು, ಸಿಗ್ನಲ್ಲು ಎಲ್ಲ ಸೇರಿ ಬಸ್ ಗಂಟೆಗೆ 14 ಕಿ.ಮೀ. ವೇಗದಲ್ಲಿ ಹೋಗುತ್ತದೆ. ಹೋಗಲು 30 ನಿಮಿಷ, ಬರಲು 30 ನಿಮಿಷ. ಡ್ರೈವರ್ ನೀರು ಕುಡಿದು, ಕಂಡಕ್ಟರ್ ಚೀಟಿ ಬರೆಸಿಕೊಳ್ಳಲು 10 ನಿಮಿಷ. ಒಟ್ಟು 70 ನಿಮಿಷದ ಒಂದು ಸುತ್ತು. ಈ ಮಾರ್ಗಕ್ಕೆ 7 ಬಸ್ ಕೊಟ್ಟರೆ 10 ನಿಮಿಷಕ್ಕೊಂದು ಬಸ್ ಸಿಗುತ್ತದೆ.

ಈಗ ಟ್ರಾಫಿಕ್ ಜಾಸ್ತಿಯಾಯಿತು. ವೇಗ ಗಂಟೆಗೆ 10 ಕಿ.ಮೀ.ಗೆ ಇಳಿಯಿತು. ಒಂದು ಕಡೆಗೆ 42 ನಿಮಿಷ, ಒಟ್ಟು ಸುತ್ತು 94 ನಿಮಿಷ. ಅದೇ 7 ಬಸ್ಸಿಗೆ ಈಗ 13 ನಿಮಿಷಕ್ಕೂ ಜಾಸ್ತಿ ಅಂತರ. ಮೊದಲಿನಂತೆ 10 ನಿಮಿಷಕ್ಕೊಂದು ಬೇಕೆಂದರೆ 10 ಬಸ್ ಬೇಕು. ಒಬ್ಬ ಪ್ರಯಾಣಿಕನೂ ಹೆಚ್ಚಾಗಿಲ್ಲ, ಒಂದು ಟಿಕೆಟ್ಟೂ ಜಾಸ್ತಿ ಹರಿದಿಲ್ಲ. ಆದರೆ 3 ಬಸ್, ಅವುಗಳ ಡ್ರೈವರು, ಕಂಡಕ್ಟರು, ಡೀಸೆಲ್ಲು ಜಾಮಿನ ಹೊಟ್ಟೆಗೆ ಹೋಯಿತು.

ಡಿಪೋದ ಕಡೆಯಿಂದ ನೋಡಿದರೆ ಇದು ಇನ್ನೂ ಕಷ್ಟದ ಸಂಗತಿ. ಎಂಟು ಗಂಟೆಯ ಡ್ಯೂಟಿಯಲ್ಲಿ ಗಂಟೆಗೆ 25 ಕಿ.ಮೀ. ಸರಾಸರಿಯಲ್ಲಿ ಊರಿನ ಹೊರಗೆ ಓಡುವ ಬಸ್ 200 ಕಿ.ಮೀ. ದುಡಿಯುತ್ತದೆ. ಗಂಟೆಗೆ 12 ಕಿ.ಮೀ.ನಲ್ಲಿ ತೆವಳುವ ಸಿಟಿ ಬಸ್ 100 ಕಿ.ಮೀ. ಕೂಡ ಮುಟ್ಟುವುದಿಲ್ಲ. ಇಬ್ಬರ ಪಗಾರ ಅಷ್ಟೇ. ಹಾಗಾಗಿ ಬಸ್ ಕಡಿಮೆ ಬಿದ್ದಾಗ ಸಿಟಿ ಟ್ರಿಪ್ಪಿಗೆ ಕತ್ತರಿ ಬೀಳುವುದು ಲೆಕ್ಕದ ಪ್ರಕಾರ ಸಹಜ. ದೂರದ ಮಾರ್ಗದಲ್ಲಿ ಓಡಿ ಹಳೆಯದಾದ ಬಸ್ ಕೊನೆಗೆ ಸಿಟಿಗೆ ಬರುವುದು ಸಾರಿಗೆ ಸಂಸ್ಥೆಗಳಲ್ಲಿ ಸಾಮಾನ್ಯ ಪದ್ಧತಿ. ಅಂಥ ಬಸ್ಸಿನ ಮೆಟ್ಟಿಲು ಎತ್ತರ. ಮೊಣಕಾಲು ನೋವಿರುವವರು ಹತ್ತಲು ಹೊತ್ತು ಹಿಡಿಯುತ್ತದೆ, ಪ್ರತಿ ಸ್ಟಾಪಿನಲ್ಲಿ ಅರ್ಧ ನಿಮಿಷ ಹೆಚ್ಚು ಹೋಗುತ್ತದೆ. ಹಳೆ ಬಸ್ಸು ಹೀಗೆ ಜಾಮನ್ನೂ ತುಸು ಬೆಳೆಸುತ್ತದೆ. ನಗರ ಬಸ್ಸುಗಳಿಗೆ ಕೇಂದ್ರದ ನಿಯಮಾವಳಿಯಲ್ಲಿ 400 ಮಿಲಿಮೀಟರ್ ಎತ್ತರದ ತಗ್ಗು ನೆಲದ ಮಾದರಿಯೂ ಇದೆ. ಅದು ಬರೀ ಸೌಕರ್ಯಕ್ಕಾಗಿ ಇಟ್ಟಿದ್ದಲ್ಲ, ಹೊತ್ತು ಉಳಿಸುವುದಕ್ಕೂ ಹೌದು.

ಇನ್ನೊಂದು ತೊಂದರೆ ಇದೆ. ನೀವೂ ನೋಡಿರುತ್ತೀರಿ. ಅರ್ಧ ಗಂಟೆ ಬಸ್ಸೇ ಇಲ್ಲ, ಆಮೇಲೆ ಒಂದರ ಹಿಂದೆ ಒಂದು ಎರಡು ಬಸ್. ಡ್ರೈವರುಗಳು ಮಾತಾಡಿಕೊಂಡು ಬರುತ್ತಾರೆ ಎಂದು ಜನ ಬೈಯುತ್ತಾರೆ. ಆದರೆ ಅದು ತಾನಾಗಿಯೇ ಆಗುವ ಸಂಗತಿ. ಮುಂದಿನ ಬಸ್ ಚೆನ್ನಮ್ಮ ಸರ್ಕಲ್ಲಿನಲ್ಲಿ ಐದು ನಿಮಿಷ ಸಿಕ್ಕಿಬಿದ್ದರೆ, ಮುಂದಿನ ಸ್ಟಾಪಿನಲ್ಲಿ ಅದಕ್ಕಾಗಿ ಕಾದವರು ಹೆಚ್ಚಿರುತ್ತಾರೆ. ಅವರನ್ನು ಹತ್ತಿಸಿಕೊಳ್ಳಲು ಇನ್ನಷ್ಟು ತಡ. ಹಿಂದಿನ ಬಸ್ಸಿಗೆ ಜನ ಕಡಿಮೆ, ಅದು ಬೇಗ ಬಂದು ಮುಂದಿನದರ ಬೆನ್ನಿಗೆ ಹತ್ತುತ್ತದೆ. 10 ನಿಮಿಷಕ್ಕೊಂದು ಬರುವ ಬಸ್ಸಿಗೆ ಸರಾಸರಿ 5 ನಿಮಿಷ ಕಾದರೆ ಸಾಕು. ಅದೇ ಬಸ್ಸುಗಳು ಜೋಡಿಯಾಗಿ 20 ನಿಮಿಷಕ್ಕೊಮ್ಮೆ ಬಂದರೆ ಸರಾಸರಿ 10 ನಿಮಿಷ ಕಾಯಬೇಕು. ಬಸ್ಸಿನ ಸಂಖ್ಯೆ ಅಷ್ಟೇ, ಕಾಯುವುದು ಎರಡು ಪಟ್ಟು. ಮೊದಲನೆಯದರಲ್ಲಿ ಫುಟ್‌ಬೋರ್ಡಿಗೆ ಜೋತುಬಿದ್ದ ಹುಡುಗರು, ಎರಡನೆಯದರಲ್ಲಿ ಖಾಲಿ ಸೀಟು.

ಕೇಂದ್ರ ನಗರಾಭಿವೃದ್ಧಿ ಸಚಿವಾಲಯದ ಸೇವಾ ಮಾನದಂಡದಲ್ಲಿ ಉತ್ತಮ ದರ್ಜೆಗೆ ಸಾವಿರ ಜನರಿಗೆ 0.6 ಬಸ್ ಇರಬೇಕು. 2011ರ ಜನಸಂಖ್ಯೆಗೇ ಇದನ್ನು ಹಚ್ಚಿದರೂ ಬೆಳಗಾವಿಗೆ ಸುಮಾರು 290 ಸಿಟಿ ಬಸ್ ಬೇಕು. ಆದರೆ ಬರೀ ಸಂಖ್ಯೆ ಹೇಳಿ ಸುಮ್ನಾಗುವುದು ಸರಿಯಲ್ಲ. ಮೇಲಿನ ಲೆಕ್ಕ ಹೇಳುವುದು ಅದನ್ನೇ. ಬಸ್ಸಿಗೆ ದಾರಿ ಸಿಗದಿದ್ದರೆ 290 ಬಸ್ಸೂ 200ರಷ್ಟೇ ಕೆಲಸ ಮಾಡುತ್ತವೆ.

ಊರಿನ ನಡುವೆ ಹಳಿ, ಹಳಿಯ ಮೇಲೆ ಗೇಟು

ಬೆಳಗಾವಿಯ ನಕ್ಷೆ ನೋಡಿದರೆ ಜಾಮ್ ಎಲ್ಲಿ ಹುಟ್ಟುತ್ತದೆ ಎಂದು ತಿಳಿಯುತ್ತದೆ. ಪೂರ್ವಕ್ಕೆ ಕೋಟೆ, ಅದರ ಪಶ್ಚಿಮಕ್ಕೆ ಗಲ್ಲಿಗಲ್ಲಿಯ ಹಳೆ ಪೇಟೆ, ಅದರಾಚೆ ಬ್ರಿಟಿಷರ ಕಾಲದ ದಂಡು ಪ್ರದೇಶ, ನಾವು ಕ್ಯಾಂಪ್ ಎನ್ನುವುದು. ಇವುಗಳ ನಡುವೆ ಮೀರಜ್–ಲೋಂಡಾ ರೈಲು ಹಳಿ ಊರನ್ನು ಸೀಳಿಕೊಂಡು ಹೋಗುತ್ತದೆ. ದಕ್ಷಿಣದ ತಿಲಕವಾಡಿಯಲ್ಲಿ ಜನ ವಿಳಾಸ ಹೇಳುವುದೇ ಮೊದಲನೇ ಗೇಟು, ಎರಡನೇ ಗೇಟು, ಮೂರನೇ ಗೇಟು ಎಂದು. ರೈಲು ಬಂದಾಗ ಗೇಟು ಬೀಳುತ್ತದೆ. ಎರಡೂ ಕಡೆ ಸ್ಕೂಟರು, ರಿಕ್ಷಾ, ಬಸ್ಸು ರಸ್ತೆಯ ಪೂರ್ತಿ ಅಗಲಕ್ಕೂ ಜಮಾಯಿಸುತ್ತವೆ. ಗೇಟು ಎದ್ದ ಮೇಲೆ ಎದುರುಬದುರು ಸಿಕ್ಕಿಹಾಕಿಕೊಂಡದ್ದನ್ನು ಬಿಡಿಸಲು ಮತ್ತಷ್ಟು ಹೊತ್ತು.

ಕಪಿಲೇಶ್ವರ ರಸ್ತೆ, ಗೋಗಟೆ ಸರ್ಕಲ್, ಮೂರನೇ ಗೇಟು, ಹೀಗೆ ಒಂದೊಂದಾಗಿ ಮೇಲ್ಸೇತುವೆ ಬಂದಿವೆ. ಅವು ಬೇಕಾಗಿದ್ದವು. ಹಳಿ ದಾಟಲು ಬೇರೆ ದಾರಿ ಇಲ್ಲ. ಆದರೆ ಸೇತುವೆ ದಾಟಿದ ಮೇಲೆ ಎಲ್ಲರೂ ಸೇರುವುದು ಮತ್ತೆ ಅದೇ ಸರ್ಕಲ್ಲಿಗೆ. ಗೋವಾವೇಸ್, ಆರ್‌ಪಿಡಿ, ಚೆನ್ನಮ್ಮ ಸರ್ಕಲ್, ಸಿಬಿಟಿ ಮುಂದಿನ ರಸ್ತೆ. ಗೇಟಿನಲ್ಲಿ ನಿಲ್ಲುತ್ತಿದ್ದ ಸಾಲು ಅರ್ಧ ಕಿಲೋಮೀಟರ್ ಮುಂದೆ ಹೋಗಿ ನಿಲ್ಲುತ್ತದೆ. ನಗರದೊಳಗೆ ಉದ್ದದ ಮೇಲ್ಸೇತುವೆ ಕಟ್ಟುವ ಪ್ರಸ್ತಾಪಕ್ಕೆ ಕೂಡ ನಾನು ಕೇಳುವ ಪ್ರಶ್ನೆ ಇದೇ. ಅದರ ಮೇಲೆ ಸಿಟಿ ಬಸ್ ಹೋಗುತ್ತದೆಯೇ? ಹೋದರೆ ಅದರ ಸ್ಟಾಪ್ ಎಲ್ಲಿ? ಬಸ್ಸಿನಲ್ಲಿ ಹೋಗುವವರಿಗೆ ಇಳಿಯಬೇಕಾದ ಜಾಗ ಇರುವುದು ಕೆಳಗೆ. ಅಂದರೆ ಮೇಲಿನ ರಸ್ತೆ ಹಾದುಹೋಗುವ ಕಾರಿಗೆ, ಕೆಳಗಿನ ಕಂಬಗಳ ನಡುವಿನ ರಸ್ತೆ ಬಸ್ಸಿಗೆ.

ಹಲಗಾ–ಮಚ್ಛೆ ಬೈಪಾಸಿನ ಕಥೆ ಬೇರೆಯದು. ಊರಿಗೆ ಬರುವ ಅಗತ್ಯವೇ ಇಲ್ಲದ ಲಾರಿಗಳನ್ನು ಹೊರಗೆ ಕಳಿಸುವ ಉದ್ದೇಶ ಸರಿಯೇ. ಆದರೆ ಅದು ಹಾಯುವುದು ಕಪ್ಪು ಮಣ್ಣಿನ ಫಲವತ್ತಾದ ಹೊಲಗಳ ಮೇಲೆ. ಅಲ್ಲಿನ ರೈತರು ವರ್ಷಗಳ ಕಾಲ ಹೋರಾಡಿದ್ದಾರೆ. ಊರಿನೊಳಗಿನವರ ಓಡಾಟ ಸಲೀಸಾಗಲಿ ಎಂದು ಅವರ ಹೊಲ ಹೋಗಬೇಕಾ ಎಂದು ಅವರು ಕೇಳಿದರೆ ನಮ್ಮ ಬಳಿ ಉತ್ತರ ಇರಬೇಕು. ಊರಿನೊಳಗಿನ ಟ್ರಾಫಿಕ್ಕಿನಲ್ಲಿ ಬಹುಪಾಲು ಊರಿನವರದೇ, ಅಲ್ವಾ?

ಇದರ ಮೇಲೆ ಊರಿನ ಹಬ್ಬ ಮತ್ತು ರಾಜಕೀಯ. ಗಣೇಶ ವಿಸರ್ಜನೆಯ ಮೆರವಣಿಗೆ ಕಪಿಲೇಶ್ವರ ಹೊಂಡಕ್ಕೆ ಮುಟ್ಟುವಷ್ಟರಲ್ಲಿ ಮರುದಿನ ಬೆಳಗಾಗಿರುತ್ತದೆ. ನವೆಂಬರ್ 1ರಂದು ಚೆನ್ನಮ್ಮ ಸರ್ಕಲ್ಲಿನಲ್ಲಿ ಕಾಲಿಡಲು ಜಾಗ ಇರುವುದಿಲ್ಲ. 2012ರಲ್ಲಿ ಸುವರ್ಣ ವಿಧಾನಸೌಧ ಉದ್ಘಾಟನೆಯಾದ ಮೇಲೆ ಚಳಿಗಾಲದ ಅಧಿವೇಶನ, ಅದರ ಜೊತೆ ಧರಣಿ, ಬಂದೋಬಸ್ತು. ಇವೆಲ್ಲ ನಮ್ಮ ಊರಿನ ಬದುಕೇ, ಬೇಡ ಎನ್ನಲು ಬರುವುದಿಲ್ಲ. ಆದರೆ ಆ ದಿನಗಳಲ್ಲಿ ಬಸ್ ಎಲ್ಲಿಂದ ಸುತ್ತಿ ಹೋಗುತ್ತದೆ, ಯಾವ ಸ್ಟಾಪ್ ಇರುವುದಿಲ್ಲ ಎಂಬ ಒಂದು ಹಾಳೆ ಹಿಂದಿನ ದಿನವೇ ಸ್ಟಾಪಿನಲ್ಲಿ ಅಂಟಿಸಿದರೆ ಎಷ್ಟೋ ಜನ ಸುಮ್ನೆ ನಿಲ್ಲುವುದು ತಪ್ಪುತ್ತದೆ.

ಬಸ್ ಬಿಟ್ಟವರು ಎಲ್ಲಿಗೆ ಹೋದರು

ಕಾದು ಬೇಸತ್ತವರು ಮೊದಲು ರಿಕ್ಷಾ ಹತ್ತಿದರು. ಬೆಳಗಾವಿಯಲ್ಲಿ ಮೀಟರ್ ಹಾಕಿ ಓಡುವ ರಿಕ್ಷಾ ಕಂಡವರು ಕಡಿಮೆ. ದರ ಮಾತಾಡಿಯೇ ಹತ್ತಬೇಕು. ಮಳೆ ಇದ್ದರೆ ಒಂದು ದರ, ರಾತ್ರಿಯಾದರೆ ಇನ್ನೊಂದು. ರಿಕ್ಷಾದವರನ್ನು ದೂರುವುದು ಸುಲಭ. ಆದರೆ ಅವರಿಗೂ ಬ್ಯಾಂಕಿನ ಕಂತಿದೆ, ಅವರೂ ಅದೇ ಜಾಮಿನಲ್ಲಿ ಅರ್ಧ ದಿನ ನಿಲ್ಲುತ್ತಾರೆ. ಸೀಟು ಲೆಕ್ಕದಲ್ಲಿ ಜನರನ್ನು ಕೂರಿಸಿಕೊಂಡು ಹೋಗುವ ರಿಕ್ಷಾಗಳು ನನ್ನ ದೃಷ್ಟಿಯಲ್ಲಿ ಬಸ್ಸಿನ ಶತ್ರುಗಳಲ್ಲ. ಬಸ್ ನುಗ್ಗಲಾರದ ಗಲ್ಲಿಯಿಂದ ಜನರನ್ನು ದೊಡ್ಡ ರಸ್ತೆಗೆ ತರುವ ಕೆಲಸ ಅವರಿಗಿಂತ ಚೆನ್ನಾಗಿ ಬೇರೆ ಯಾರೂ ಮಾಡಲಾರರು. ಆದರೆ ಈಗ ಅವು ನಿಲ್ಲುವುದು ಬಸ್ ಸ್ಟಾಪಿನಲ್ಲೇ. ಬಸ್ಸಿಗೆ ಜಾಗ ಇಲ್ಲದೆ ಅದು ರಸ್ತೆ ನಡುವೆ ನಿಲ್ಲುತ್ತದೆ. ಹಿಂದಿನ ಎಲ್ಲ ಗಾಡಿ ನಿಲ್ಲುತ್ತವೆ. ಸ್ಟಾಪಿನಿಂದ 50 ಮೀಟರ್ ಆಚೆ ರಿಕ್ಷಾಗಳಿಗೆ ನಿಲ್ಲಲು ಗುರುತು ಹಾಕಿದ ಜಾಗ ಕೊಟ್ಟರೆ ಬಗೆಹರಿಯುವ ಸಂಗತಿ ಇದು.

ಕೈಯಲ್ಲಿ ಸ್ವಲ್ಪ ದುಡ್ಡು ಬಂದವರು ಸ್ಕೂಟರ್ ಕೊಂಡರು. ಪೆಟ್ರೋಲ್ ಲೀಟರಿಗೆ 100 ರೂಪಾಯಿ ದಾಟಿದ್ದರೂ ದಿನಕ್ಕೆ 14 ಕಿ.ಮೀ. ಓಡಿಸುವವರಿಗೆ ಸುಮಾರು 30 ರೂಪಾಯಿ ಖರ್ಚು. ಕಾಯುವುದು ಸೊನ್ನೆ. ಇದರ ಮುಂದೆ ಬಸ್ ಸೋಲುವುದು ಟಿಕೆಟ್ ದರದಿಂದ ಅಲ್ಲ, ಸ್ಟಾಪಿನಲ್ಲಿ ಕಳೆದುಹೋಗುವ ಹೊತ್ತಿನಿಂದ. ಹೀಗೆ ಬಸ್ ಬಿಟ್ಟವರ ಸ್ಕೂಟರುಗಳು ರಸ್ತೆಗೆ ಬಂದು ಉಳಿದವರ ಬಸ್ಸನ್ನು ಇನ್ನಷ್ಟು ನಿಧಾನ ಮಾಡುತ್ತವೆ. ಆ ನಿಧಾನದಿಂದ ಇನ್ನೊಂದಷ್ಟು ಜನ ಬಸ್ ಬಿಡುತ್ತಾರೆ. ಜುಲೈ ಮಳೆಯಲ್ಲಿ, ಗುಂಡಿ ಕಾಣದ ರಸ್ತೆಯಲ್ಲಿ, ಹಿಂದೆ ಮಗುವನ್ನು ಕೂರಿಸಿಕೊಂಡು ಹೋಗುವವರನ್ನು ನೋಡಿದಾಗ ನನಗೆ ಭಯವಾಗುತ್ತದೆ. ಅವರಲ್ಲಿ ಎಷ್ಟೋ ಜನ ಸ್ಕೂಟರ್ ಹತ್ತಿದ್ದು ಬೇರೆ ದಾರಿ ಕಾಣದೆ.

ಬಸ್ಸಿನಲ್ಲಿ ಉಳಿದವರು ಯಾರು? ಹೆಂಗಸರು, ವಿದ್ಯಾರ್ಥಿಗಳು, ವಯಸ್ಸಾದವರು, ಸುತ್ತಲಿನ ಹಳ್ಳಿಯವರು. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾಯಿತು. ರಾಜ್ಯದ ಹೆಂಗಸರು ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಉಚಿತವಾಗಿ ಓಡಾಡತೊಡಗಿದರು. 2025ರ ಜುಲೈ ಹೊತ್ತಿಗೆ ರಾಜ್ಯದಲ್ಲಿ ಇಂಥ ಪ್ರಯಾಣಗಳ ಸಂಖ್ಯೆ 500 ಕೋಟಿ ಮುಟ್ಟಿತು. ನಾನು ಇದನ್ನು ಮನಸಾರೆ ಒಪ್ಪುತ್ತೇನೆ. ಯಳ್ಳೂರಿನಿಂದ, ಕಡೋಲಿಯಿಂದ, ಸಾಂಬ್ರಾದಿಂದ ಮನೆಗೆಲಸಕ್ಕೆ, ಅಂಗಡಿ ಕೆಲಸಕ್ಕೆ ಬರುವ ಹೆಂಗಸರಿಗೆ ತಿಂಗಳಿಗೆ ಉಳಿಯುವ ದುಡ್ಡು ಸಣ್ಣದಲ್ಲ. ಗಂಡನ ಕೈಯಿಂದ ಬಸ್ ಚಾರ್ಜು ಕೇಳದೆ ಆಸ್ಪತ್ರೆಗೆ ಹೋಗಿ ಬರುವ ಧೈರ್ಯ ಅದಕ್ಕಿಂತಲೂ ದೊಡ್ಡದು.

ಆದರೆ ಬೇಡಿಕೆ ಒಮ್ಮೆಲೇ ಏರಿತು, ಸಿಟಿ ಮಾರ್ಗಗಳಲ್ಲಿ ಟ್ರಿಪ್ ಆ ಪ್ರಮಾಣದಲ್ಲಿ ಏರಲಿಲ್ಲ. ಜನ ತುಂಬಿದ ಬಸ್ ಸ್ಟಾಪಿನಲ್ಲಿ ನಿಲ್ಲದೆ ಹೋಗುತ್ತದೆ. ಸೀಟು ಸಿಗದ ಗಂಡಸರು ಹೆಂಗಸರನ್ನು ದೂರುತ್ತಾರೆ. ಈ ಜಗಳ ಅನ್ಯಾಯದ್ದು. ನೂಕುನುಗ್ಗಲು ಉಚಿತ ಟಿಕೆಟಿನ ತಪ್ಪಲ್ಲ, ಅದಕ್ಕೆ ತಕ್ಕ ಬಸ್ ಹಾಕದ ಯೋಜನೆಯದು. ಶೂನ್ಯ ಟಿಕೆಟಿನ ಹಣವನ್ನು ಸರ್ಕಾರ ಸಾರಿಗೆ ಸಂಸ್ಥೆಗಳಿಗೆ ತುಂಬಿಕೊಡಬೇಕು. ಆ ಹಣ ಸಕಾಲಕ್ಕೆ ಬಂದರೆ ಹೊಸ ಬಸ್ಸಿಗೆ ದಾರಿ. ತಡವಾದರೆ ಡೀಸೆಲ್ಲು ಮತ್ತು ಪಗಾರಕ್ಕೇ ಎಲ್ಲ ಮುಗಿಯುತ್ತದೆ. 2025ರ ಜನವರಿಯಲ್ಲಿ ದರ 15 ಶೇಕಡಾ ಏರಿಸಿದಾಗ ಅದು ಬಿದ್ದದ್ದು ಟಿಕೆಟ್ ಕೊಳ್ಳುವ ಗಂಡಸರ ಮೇಲೆ. ಸ್ಕೂಟರ್ ಕೊಳ್ಳಲು ಅವರಿಗೆ ಇನ್ನೊಂದು ಕಾರಣ ಸಿಕ್ಕಿತು.

ಯಾರಿಗೆ ಕೇಳಬೇಕು

ಒಂದು ಸ್ಟಾಪಿನ ಸಮಸ್ಯೆ ಹಿಡಿದು ಹೋದರೆ ಎಷ್ಟು ಬಾಗಿಲು ತಟ್ಟಬೇಕು ನೋಡಿ. ಬಸ್ ವಾಯವ್ಯ ಸಾರಿಗೆ ಸಂಸ್ಥೆಯದು, ಅದರ ಕೇಂದ್ರ ಕಚೇರಿ ಹುಬ್ಬಳ್ಳಿಯಲ್ಲಿ. ರಸ್ತೆ ಕೆಲವೆಡೆ ಮಹಾನಗರ ಪಾಲಿಕೆಯದು, ಕೆಲವೆಡೆ ಲೋಕೋಪಯೋಗಿ ಇಲಾಖೆಯದು, ಕ್ಯಾಂಪಿನೊಳಗೆ ಕಂಟೋನ್ಮೆಂಟ್ ಬೋರ್ಡಿನದು. ಸಿಗ್ನಲ್ ಮತ್ತು ಪಾರ್ಕಿಂಗ್ ಪೊಲೀಸರದು. ರಿಕ್ಷಾ ಪರ್ಮಿಟ್ ಸಾರಿಗೆ ಇಲಾಖೆಯದು. ಗೇಟು ಮತ್ತು ಹಳಿ ನೈಋತ್ಯ ರೈಲ್ವೆಯದು. ಪ್ರತಿಯೊಬ್ಬರೂ ತಮ್ಮ ತಮ್ಮ ಕೆಲಸ ಮಾಡುತ್ತಿರಬಹುದು. ಆದರೆ ಮೂರನೇ ಗೇಟಿನಿಂದ ಸಿಬಿಟಿಗೆ ಒಬ್ಬ ಮನುಷ್ಯ ಎಷ್ಟು ಹೊತ್ತಿಗೆ ಮುಟ್ಟುತ್ತಾನೆ ಎಂಬುದು ಇವರಲ್ಲಿ ಯಾರೊಬ್ಬರ ಕೆಲಸದ ಪಟ್ಟಿಯಲ್ಲೂ ಇಲ್ಲ. ಬೆಂಗಳೂರಿಗೆ ಇದಕ್ಕಾಗಿಯೇ 2022ರ ಕಾಯ್ದೆಯಲ್ಲಿ ಒಂದು ಮಹಾನಗರ ಭೂಸಾರಿಗೆ ಪ್ರಾಧಿಕಾರ ಮಾಡಿದರು. ನಮ್ಮಂಥ ಊರುಗಳಿಗೆ ಅಷ್ಟು ದೊಡ್ಡದು ಬೇಡ. ಜಿಲ್ಲಾಧಿಕಾರಿಯ ಮುಂದೆ ಇವರೆಲ್ಲ ತಿಂಗಳಿಗೊಮ್ಮೆ ಕೂತು, ಹಿಂದಿನ ತಿಂಗಳು ಯಾವ ಮಾರ್ಗದಲ್ಲಿ ಬಸ್ಸಿನ ಅಂತರ ಎಷ್ಟಿತ್ತು ಎಂದು ಲೆಕ್ಕ ಒಪ್ಪಿಸಿ, ಅದನ್ನು ಪತ್ರಿಕೆಗೆ ಕೊಟ್ಟರೆ ಸಾಕು.

2016ರ ಜನವರಿಯಲ್ಲಿ ಸ್ಮಾರ್ಟ್ ಸಿಟಿ ಯೋಜನೆಯ ಮೊದಲ 20 ನಗರಗಳಲ್ಲಿ ಬೆಳಗಾವಿ ಆಯ್ಕೆಯಾದಾಗ ಊರಿಗೆ ಊರೇ ಖುಷಿಪಟ್ಟಿತ್ತು. ಮಂಡೋಳಿ ರಸ್ತೆಯಂಥ ಕೆಲವು ರಸ್ತೆಗಳು ಚೆಂದವಾದವು, ಅಲ್ಲಿ ಫುಟ್‌ಪಾತ್ ಬಂತು. ಅದು ಒಳ್ಳೆಯದೇ. ಬಸ್ ಹತ್ತುವ ಪ್ರತಿಯೊಬ್ಬರೂ ಮೊದಲು ನಡೆಯುವವರು. ಗಣಪತಿ ಗಲ್ಲಿ, ಖಡೇಬಜಾರಿನಲ್ಲಿ ಆ ನಡೆಯುವ ಜಾಗವೇ ಇಲ್ಲ. ಆದರೆ ಯೋಜನೆ ಮುಗಿದ ಮೇಲೂ ಸ್ಟಾಪಿನಲ್ಲಿನ ಪ್ರಶ್ನೆ ಬದಲಾಗಲಿಲ್ಲ.

ಪಕ್ಕದ ಹುಬ್ಬಳ್ಳಿ–ಧಾರವಾಡದಲ್ಲಿ 22 ಕಿ.ಮೀ. ಉದ್ದಕ್ಕೆ ಬಸ್ಸಿಗೇ ಮೀಸಲಾದ ದಾರಿಯಲ್ಲಿ ಚಿಗರಿ ಬಸ್ಸುಗಳು ಓಡುತ್ತವೆ. ಅಲ್ಲಿಂದ ಕಲಿಯಲು ಇದೆ. ಆದರೆ ಅದನ್ನು ಹಾಗೆಯೇ ಇಲ್ಲಿಗೆ ತರಲು ಬರುವುದಿಲ್ಲ. ಎರಡು ಊರನ್ನು ಸೇರಿಸುವ ಒಂದೇ ಉದ್ದನೆಯ ಅಗಲ ರಸ್ತೆ ಅವರದು. ನಮ್ಮದು ಗಲ್ಲಿಗಳ ಊರು. ಇಲ್ಲಿ ಪೂರ್ತಿ ದಾರಿ ಮೀಸಲಿಡಲು ಜಾಗ ಇಲ್ಲ. ಸರ್ಕಲ್ಲುಗಳ ಮುಂದೆ 100–150 ಮೀಟರ್ ಮಾತ್ರ ಬಸ್ಸಿಗೆ ಬಿಟ್ಟುಕೊಟ್ಟು, ಸಿಗ್ನಲ್ಲಿನಲ್ಲಿ ಅದಕ್ಕೆ ಮೊದಲು ಹಸಿರು ಕೊಡಬಹುದು. ಬಸ್ ಹೆಚ್ಚು ಹೊತ್ತು ಕಳೆದುಕೊಳ್ಳುವುದು ಆ ನೂರು ಮೀಟರಿನಲ್ಲೇ.

ನನಗೆ ಇದಕ್ಕಿಂತ ಮುಖ್ಯ ಅನಿಸುವುದು ಮಾರ್ಗಗಳ ಆಕಾರ. ಹೆಚ್ಚಿನ ಸಿಟಿ ಬಸ್ಸುಗಳು ಸಿಬಿಟಿಯಿಂದ ಹೊರಟು ಸಿಬಿಟಿಗೇ ಬರುತ್ತವೆ. ವಡಗಾವಿಯ ನೇಕಾರರ ಮನೆಯ ಹುಡುಗಿ ನೆಹರು ನಗರದ ಆಸ್ಪತ್ರೆಯಲ್ಲಿ ನರ್ಸಿಂಗ್ ಕಲಿಯುತ್ತಿದ್ದರೆ ಎರಡು ಬಸ್, ಎರಡು ಸಲ ಕಾಯುವುದು. ದೂರದ ಊರುಗಳ ಬಸ್ಸೂ ಅದೇ ನಿಲ್ದಾಣಕ್ಕೆ ನುಗ್ಗುತ್ತವೆ. ದಕ್ಷಿಣದ ಒಂದು ಮಾರ್ಗವನ್ನು ಉತ್ತರದ ಇನ್ನೊಂದಕ್ಕೆ ಜೋಡಿಸಿದರೆ, ಉದಾಹರಣೆಗೆ ವಡಗಾವಿಯಿಂದ ಪೇಟೆ ಹಾಯ್ದು ನೇರ ಕಾಕತಿಗೆ, ಹುಡುಗಿಗೆ ಒಂದೇ ಬಸ್ ಸಾಕು. ನಿಲ್ದಾಣದೊಳಗೆ ತಿರುಗಿಸಿ ನಿಲ್ಲಿಸುವ ಹೊತ್ತೂ ಉಳಿಯುತ್ತದೆ. ಮಾರ್ಗ ಉದ್ದವಾದರೆ ಒಂದು ತುದಿಯ ತಡ ಇನ್ನೊಂದು ತುದಿಗೆ ಹರಿಯುತ್ತದೆ ಎಂಬ ಮಾತು ನಿಜ. ಅದಕ್ಕೇ ಹಳಿ ಗೇಟು ಇರುವ ಮಾರ್ಗಗಳನ್ನು ಜೋಡಿಸಬಾರದು, ಸೇತುವೆ ಮೇಲೆ ಹೋಗುವವನ್ನು ಮಾತ್ರ ಜೋಡಿಸಬೇಕು.

ಬೋರ್ಡಿನ ಮಾತು ಕೂಡ ಸಣ್ಣದಲ್ಲ. ಈ ಊರಿನಲ್ಲಿ ಕನ್ನಡ, ಮರಾಠಿ, ಉರ್ದು ಮೂರೂ ಮನೆಮಾತುಗಳು. ಬೋರ್ಡಿನ ಭಾಷೆಗಾಗಿ ಇಲ್ಲಿ ಎಷ್ಟು ಗಲಾಟೆಯಾಗಿದೆ ಎಂದು ಎಲ್ಲರಿಗೂ ಗೊತ್ತು. 2025ರ ಫೆಬ್ರವರಿಯಲ್ಲಿ ಭಾಷೆಯ ಮಾತಿನಿಂದ ಶುರುವಾದ ಜಗಳದಲ್ಲಿ ಒಬ್ಬ ಕಂಡಕ್ಟರ್ ಪೆಟ್ಟು ತಿಂದರು, ಎರಡು ರಾಜ್ಯಗಳ ನಡುವೆ ಬಸ್ಸೇ ನಿಂತವು. ತನ್ನ ಕೆಲಸ ಮಾಡುತ್ತಿದ್ದ ಮನುಷ್ಯನಿಗೆ ಹಾಗಾಗಬಾರದಿತ್ತು. ಕನ್ನಡದ ಬೋರ್ಡಿನ ಜೊತೆ ದೂರದಿಂದ ಕಾಣುವಷ್ಟು ದೊಡ್ಡ ಅಂಕಿ ಇರಲಿ. ಅಂಕಿಯನ್ನು ಎಲ್ಲರೂ ಓದಬಲ್ಲರು. ನನ್ನ ಪಕ್ಕ ನಿಂತಿದ್ದ ಅಜ್ಜಿಗೂ ಆ ಮಂಜು ಕಣ್ಣಲ್ಲಿ ಒಂದಡಿ ಎತ್ತರದ ಅಂಕಿ ಕಾಣುತ್ತಿತ್ತು.

2023ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ಒಪ್ಪಿದ ಪಿಎಂ ಇ-ಬಸ್ ಸೇವಾ ಯೋಜನೆಯಲ್ಲಿ 169 ನಗರಗಳಿಗೆ 10,000 ಎಲೆಕ್ಟ್ರಿಕ್ ಬಸ್ ಕೊಡುವ ಗುರಿ ಇದೆ. 2011ರ ಗಣತಿಯಲ್ಲಿ 3 ಲಕ್ಷಕ್ಕಿಂತ ಜಾಸ್ತಿ ಜನರಿದ್ದ ಊರುಗಳಿಗಾಗಿ ಮಾಡಿದ ಯೋಜನೆ ಅದು. ಬೆಳಗಾವಿ ಆ ಅಳತೆಯಲ್ಲಿ ಬರುತ್ತದೆ, ವಿಜಯಪುರವೂ ಬರುತ್ತದೆ. ಇದರಲ್ಲಿ ಬಸ್ ಓಡಿಸುವವರಿಗೆ ಕಿಲೋಮೀಟರಿನ ಲೆಕ್ಕದಲ್ಲಿ ಹಣ ಸಿಗುತ್ತದೆ. ಟಿಕೆಟ್ ಎಷ್ಟು ಹರಿಯಿತು ಎಂಬುದಕ್ಕೆ ಅದು ಜೋತುಬಿದ್ದಿಲ್ಲ. ಸಿಟಿ ಮಾರ್ಗಕ್ಕೆ ಇದು ಸರಿಯಾದ ಪದ್ಧತಿ. ಆದರೆ ಹೊಸ ಬಸ್ ಅದೇ ಜಾಮಿಗೆ ಬಂದು ಅದೇ ಸಿಬಿಟಿಯಲ್ಲಿ ಸಾಲು ನಿಂತರೆ ಹೊಗೆ ಕಡಿಮೆಯಾಗುತ್ತದೆ, ಕಾಯುವುದು ಕಡಿಮೆಯಾಗುವುದಿಲ್ಲ.

ಇನ್ನು ಹಳಿ. ದೇಸೂರು, ಬೆಳಗಾವಿ, ಸಾಂಬ್ರಾ, ಸುಳೇಭಾವಿ, ಎಲ್ಲವೂ ಒಂದೇ ಸಾಲಿನ ಸ್ಟೇಷನ್ನುಗಳು. ಬೆಳಗ್ಗೆ ಎರಡು, ಸಂಜೆ ಎರಡು ಸಣ್ಣ ರೈಲು ಓಡಿಸಿದರೂ ಈ ಕಡೆಯ ಹಳ್ಳಿಗಳ ಎಷ್ಟೋ ಜನ ರಸ್ತೆಗೆ ಇಳಿಯುವ ಅಗತ್ಯವೇ ಇಲ್ಲ. ಆದರೆ ರೈಲು ಇಳಿದವರಿಗೆ ಸ್ಟೇಷನ್ ಬಾಗಿಲಲ್ಲೇ ಬಸ್ ಸಿಗಬೇಕು. ಇಲ್ಲದಿದ್ದರೆ ಮತ್ತೆ ರಿಕ್ಷಾ ಜೊತೆ ಚೌಕಾಸಿ.

ಎಲ್ಲವನ್ನೂ ಒಮ್ಮೆಲೇ ಮಾಡಿ ಎಂದು ನಾನು ಕೇಳುವುದಿಲ್ಲ. ಒಂದು ಮಾರ್ಗ ಹಿಡಿಯಿರಿ. ಸಿಬಿಟಿಯಿಂದ ಗೋವಾವೇಸ್, ಆರ್‌ಪಿಡಿ, ಮೂರನೇ ಗೇಟಿನ ಸೇತುವೆ ಮೇಲಿಂದ ಉದ್ಯಮಬಾಗ. ಕಾರ್ಖಾನೆ, ಕಾಲೇಜು, ಪೇಟೆ ಮೂರೂ ಈ ದಾರಿಯಲ್ಲಿವೆ. ಮೇಲಿನ ಲೆಕ್ಕದ ಪ್ರಕಾರ ಈಗಿನ ನಿಧಾನದಲ್ಲಿ ಇದಕ್ಕೆ 10 ಬಸ್ ಬೇಕು, ಸರ್ಕಲ್ಲಿನಲ್ಲಿ ದಾರಿ ಬಿಟ್ಟುಕೊಟ್ಟರೆ 7 ಸಾಕು. ಬೆಳಗ್ಗೆ 6ರಿಂದ ರಾತ್ರಿ 10ರವರೆಗೆ, 10 ನಿಮಿಷಕ್ಕೊಂದು. ಮೂರು ತಿಂಗಳು. ಮಧ್ಯದಲ್ಲಿ ಒಂದು ಟ್ರಿಪ್ಪೂ ತಪ್ಪಿಸಬಾರದು. ಒಂದು ದೊಡ್ಡ ಅಂಕಿ, ಪ್ರತಿ ಸ್ಟಾಪಿನಲ್ಲಿ ಸಮಯದ ಒಂದು ಹಾಳೆ, ರಿಕ್ಷಾಗಳಿಗೆ 50 ಮೀಟರ್ ಆಚೆ ಜಾಗ. ಜುಲೈನಲ್ಲಿ ಶುರು ಮಾಡಿ, ಸ್ಕೂಟರ್ ಇದ್ದವರಿಗೂ ಬಸ್ ಬೇಕೆನಿಸುವ ತಿಂಗಳು ಅದು. ಅಕ್ಟೋಬರಿನಲ್ಲಿ ಆರ್‌ಪಿಡಿ ಸ್ಟಾಪಿಗೆ ಹೋಗಿ ನಿಂತು, ಓಡಿ ಬಂದವರು ಏನು ಕೇಳುತ್ತಾರೆ ಎಂದು ಕಿವಿಗೊಟ್ಟು ಕೇಳೋಣ.